‘ಹೌದು’ ಎನ್ನಿಸಿಕೊಂಡ ಮೇಲೆಯೇ ಮಾತು: ನನ್ನ ಒಂಬತ್ತನೆಯ ತರಗತಿಯ ಅನುಭವ

ಆಲಿಸುವುದನ್ನು ಕಲಿಸಲು ಗುಂಪು ಚರ್ಚೆ ಮಾಡಿಸುತ್ತೇನೆ ಎಂದಾಗ ಸಿಬ್ಬಂದಿ ಕೊಠಡಿಯಲ್ಲಿ ಹಿರಿಯ ಶಿಕ್ಷಕರೊಬ್ಬರು, “48 ಮಕ್ಕಳನ್ನು ಮಾತಿಗೆ ಬಿಟ್ಟರೆ ಸಂತೆಯಾಗುತ್ತದೆ ಮೇಡಂ” ಎಂದರು. ಮೊದಲ ಎರಡು ತಿಂಗಳು ಸಂತೆಯೇ ಆಯಿತು. ಈಗ ಅದೇ ತರಗತಿಯ ಬಾಗಿಲಲ್ಲಿ ನಿಂತವರಿಗೆ ಒಂದು ಗುಂಪಿನಲ್ಲಿ ಒಂದೇ ದನಿ ಕೇಳಿಸುತ್ತದೆ.

ನಮ್ಮದು ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳ ಕಡೆಯ ಪ್ರೌಢಶಾಲೆ. ಮನೆಯಲ್ಲಿ ತಮಿಳು, ತೆಲುಗು, ಉರ್ದು, ಹಿಂದಿ ಆಡುವ ಮಕ್ಕಳು, ಜೊತೆಗೆ ರಾಯಚೂರು, ಯಾದಗಿರಿಯಿಂದ ಬಂದವರು. ವರ್ಷದ ನಡುನಡುವೆ ನಡೆಯುವ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಆಲಿಸುವಿಕೆಗೆ ನಾವು ಶಿಕ್ಷಕರು ಅಂಕ ತುಂಬುವುದು ಹೆಚ್ಚಾಗಿ ಅಂದಾಜಿನ ಮೇಲೆಯೇ. ನನಗೆ ಅದು ಒಪ್ಪಿಗೆಯಾಗುತ್ತಿರಲಿಲ್ಲ.

ಮೊದಲು ಎಂಟೆಂಟು ಮಕ್ಕಳ ಗುಂಪು ಮಾಡಿದೆ. ಇಬ್ಬರು ಮಾತನಾಡಿದರು, ಮೂವರು ಪುಸ್ತಕದ ಹಿಂದೆ ಚಿತ್ರ ಬರೆದರು, ಉಳಿದವರು ಕಿಟಕಿ ನೋಡಿದರು. ಆಮೇಲೆ ಹುಣಸೆಬೀಜ. ಒಬ್ಬರಿಗೆ ಮೂರು ಬೀಜ, ಮಾತನಾಡಿದಾಗಲೆಲ್ಲ ಒಂದು ಮಧ್ಯಕ್ಕೆ ಹಾಕಬೇಕು. ಚುರುಕಿನವರು ಮೊದಲ ಎರಡು ನಿಮಿಷದಲ್ಲೇ ಮೂರನ್ನೂ ಖರ್ಚು ಮಾಡಿ ಕೈಕಟ್ಟಿ ಕುಳಿತರು. ಮಾತು ಹಂಚಿಕೆಯಾಯಿತು, ಆದರೆ ಯಾರೂ ಯಾರದನ್ನೂ ಕೇಳಿಸಿಕೊಳ್ಳಲಿಲ್ಲ.

ಹಣ ಕಳೆದುಕೊಂಡದ್ದು ಅದರ ನಂತರ. ಎಸ್.ಪಿ. ರಸ್ತೆಯಿಂದ ಆರು ಪುಟ್ಟ ಟೈಮರ್ ತಂದೆ, ಒಂದಕ್ಕೆ 150 ರೂಪಾಯಿಯ ಆಸುಪಾಸು. ಆರೂ ಬೇರೆ ಬೇರೆ ಕ್ಷಣಕ್ಕೆ ಕೂಗಿದವು. ಮಕ್ಕಳ ಕಣ್ಣೆಲ್ಲ ಟೈಮರ್‌ನ ಅಂಕಿಗಳ ಮೇಲೆ. ನನ್ನ ದನಿ ಸಣ್ಣದಾಗಿರುವುದೇ ತೊಂದರೆ ಎಂದುಕೊಂಡು ಮೈಕ್ ಇರುವ ಸ್ಪೀಕರ್ ಒಂದನ್ನು ಸುಮಾರು 2,800 ರೂಪಾಯಿಗೆ ಸ್ವಂತ ದುಡ್ಡಿನಲ್ಲೇ ಕೊಂಡೆ. ದನಿ ದೊಡ್ಡದಾದಷ್ಟೂ ಮಕ್ಕಳು ತಮ್ಮ ಪಾಡಿಗೆ ಇನ್ನೂ ಜೋರಾಗಿ ಮಾತನಾಡಿದರು. ಆ ಸ್ಪೀಕರ್ ಈಗ ಸ್ವಾತಂತ್ರ್ಯ ದಿನಾಚರಣೆಗೆ ಮಾತ್ರ ಹೊರಗೆ ಬರುತ್ತದೆ. ಎಲ್ಲ ಸೇರಿ 4,000 ರೂಪಾಯಿಯ ಹತ್ತಿರ ಹೋಯಿತು. ಕೊನೆಗೆ ಫಲ ಕೊಟ್ಟದ್ದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ.

ನಾಲ್ವರ ಗುಂಪು. ನಿನ್ನ ಮಾತು ಶುರುವಾಗುವ ಮೊದಲು, ಹಿಂದೆ ಮಾತನಾಡಿದವರು ಹೇಳಿದ್ದನ್ನು ನೀನು ಹೇಳಬೇಕು. ಅವರು “ಹೌದು” ಎಂದ ಮೇಲೆಯೇ ನಿನ್ನ ಸರದಿ. “ಅಲ್ಲ” ಎಂದರೆ ಮತ್ತೆ ಕೇಳಬೇಕು, ಮತ್ತೆ ಹೇಳಬೇಕು. ಈ ‘ಹೌದು’ವಿನ ಅಧಿಕಾರ ಶಿಕ್ಷಕಿಯ ಕೈಯಲ್ಲಿ ಇರಬಾರದು. ಮೊದಲ ವಾರ ನಾನೇ ತೀರ್ಪು ಕೊಡುತ್ತಿದ್ದೆ, ಮಕ್ಕಳು ನನ್ನ ಮುಖ ನೋಡಿಕೊಂಡೇ ಮಾತನಾಡಿದರು. ಅಧಿಕಾರವನ್ನು ಮಾತನಾಡಿದ ಮಗುವಿಗೇ ಕೊಟ್ಟ ದಿನ ತರಗತಿಯ ದನಿಯೇ ಬದಲಾಯಿತು.

ಮೂರನೆಯ ವಾರಕ್ಕೆ ಅದೂ ಗಿಳಿಪಾಠವಾಗತೊಡಗಿತು. ಹಾಗಾಗಿ ಕೇಳಿದ್ದನ್ನು ತನ್ನದೇ ಮಾತಿನಲ್ಲಿ ಹೇಳಬೇಕೆಂದು ನಿಯಮ ಮಾಡಿದೆ. ಜೊತೆಗೆ, ಪಾಠದ ಒಂದೊಂದು ತುಣುಕನ್ನು ಗುಂಪಿನ ಒಬ್ಬೊಬ್ಬರಿಗೆ ಕೊಟ್ಟು, ಅವರು ಪರಸ್ಪರ ಹೇಳಿಕೊಂಡು ಇಡೀ ಪಾಠ ಜೋಡಿಸುವ ಜಿಗ್ಸಾ ಪದ್ಧತಿಯನ್ನು ಬಳಸಿದೆ. ಶಿಕ್ಷಕರೆಲ್ಲ ಇದನ್ನು ತರಬೇತಿಗಳಲ್ಲಿ ಕೇಳಿದವರೇ. ಎಲಿಯಟ್ ಅರಾನ್ಸನ್ 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಶುರು ಮಾಡಿದ್ದು. ನಾನು ಸೇರಿಸಿದ್ದು ಇಷ್ಟೇ: ತನ್ನ ತುಣುಕು ಬರೆದ ಚೀಟಿಯನ್ನು ಯಾರಿಗೂ ತೋರಿಸುವಂತಿಲ್ಲ. ವಿಷಯ, ಕಾವೇರಿ ನಮ್ಮ ನಲ್ಲಿಗೆ ಬರುವ ದಾರಿ. ಒಬ್ಬರ ಚೀಟಿಯಲ್ಲಿ ತೊರೆಕಾಡನಹಳ್ಳಿ, ಇನ್ನೊಬ್ಬರಲ್ಲಿ ಹಾರೋಹಳ್ಳಿ, ಮತ್ತೊಬ್ಬರಲ್ಲಿ ತಾತಗುಣಿ, ಮೂರೂ ನೀರನ್ನು ಪಂಪ್ ಮಾಡಿ ಮೇಲಕ್ಕೆ ಹತ್ತಿಸುವ ಕೇಂದ್ರಗಳು. ನಾಲ್ಕನೆಯವರ ಬಳಿ ಖಾಲಿ ಹಾಳೆ, ಕೇಳಿಸಿಕೊಂಡೇ ನಕ್ಷೆ ಬರೆಯಬೇಕು. ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಏರು ಎಂಬುದನ್ನು ಒಬ್ಬೊಬ್ಬರ ಚೀಟಿಯಲ್ಲಿ ಹಂಚಿದ್ದೆ. ಒಬ್ಬ ಹುಡುಗ ತಾತಗುಣಿಯನ್ನು ಹಾರೋಹಳ್ಳಿಯ ಕೆಳಗೆ ಬರೆದುಬಿಟ್ಟ. “ನಾನು ಹಾಗೆ ಹೇಳಲಿಲ್ಲ, ಮತ್ತೆ ಕೇಳು” ಎಂದಳು ಪಕ್ಕದವಳು. ಅವನು ರಬ್ಬರ್ ಹಿಡಿದೇ ಕೇಳಿದ. ಸರದಿ ಬಂದಾಗ ರಾಯಚೂರು ಕಡೆಯ ಹುಡುಗಿ, ವರ್ಷವಿಡೀ ಹಿಂದಿನ ಬೆಂಚಿನಲ್ಲಿ ಮೌನವಾಗಿದ್ದವಳು, “ನೀರು ತಾನಾಗಿ ಬರುವುದಿಲ್ಲ, ಮೆಟ್ಟಿಲು ಹತ್ತಿಸಿದ ಹಾಗೆ ಮೂರು ಕಡೆ ಮೇಲಕ್ಕೆ ಹತ್ತಿಸುತ್ತಾರೆ” ಎಂದಳು. ಎದುರಿನವನು ಸ್ವಲ್ಪ ಹೊತ್ತು ಯೋಚಿಸಿ “ಹೌದು” ಎಂದ. ಆ ‘ಹೌದು’ ನನಗೆ ಇಂದಿಗೂ ಕಿವಿಯಲ್ಲಿದೆ.

ಇದರ ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಕಣ್ಣು ಮುಚ್ಚಿ ಕೇಳಿಸಿದ್ದು ವ್ಯರ್ಥ, ಅರ್ಧ ತರಗತಿ ತೂಕಡಿಸಿತು. ಮನೆಮಾತಿನ ಸುತ್ತು ಮಾತ್ರ ಬೆರಗು ತಂದಿತು. ಒಬ್ಬ ತೆಲುಗಿನಲ್ಲಿ ಎರಡು ನಿಮಿಷ ಹೇಳುತ್ತಾನೆ, ಪಕ್ಕದವರು ಅದನ್ನು ಕನ್ನಡದಲ್ಲಿ ಹೇಳಬೇಕು. ಅರ್ಧ ಅರ್ಥವಾಗುವ ಭಾಷೆಯನ್ನು ಮಕ್ಕಳು ಮುಂದಕ್ಕೆ ಬಾಗಿ ಕೇಳುತ್ತಾರೆ. ಇದನ್ನು ತಿಂಗಳಿಗೊಮ್ಮೆ ಈಗಲೂ ಮಾಡಿಸುತ್ತೇನೆ.

ಹತ್ತು ಅಂಶಗಳಿರುವ ಗದ್ಯವನ್ನು ಒಮ್ಮೆ ಓದಿ ಹೇಳಿ, ನೆನಪಿರುವುದನ್ನು ಬರೆಸುವುದು ನನ್ನ ಅಳತೆ. ಜೂನ್‌ನಲ್ಲಿ ಬಹುಪಾಲು ಮಕ್ಕಳು ಮೂರು, ನಾಲ್ಕು ಬರೆಯುತ್ತಿದ್ದರು. ಜನವರಿಯ ಹೊತ್ತಿಗೆ ಆರು, ಏಳು. ಯಾವ ಮಗುವನ್ನು ಯಾರ ಎದುರು ಕೂರಿಸುತ್ತೇನೆ, ಗಂಟೆ ಹೊಡೆಯುವ ಮೊದಲು ಕೇಳುವ ಆ ಒಂದು ಪ್ರಶ್ನೆ ಯಾವುದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ತರಗತಿಗೆ ಬಂದು ಕುಳಿತವರಿಗೆ ತಾನಾಗಿ ಕಾಣುತ್ತದೆ.

ಸಂತೆಯಾಗುತ್ತದೆ ಎಂದಿದ್ದ ಹಿರಿಯರು ಫೆಬ್ರವರಿಯಲ್ಲಿ ಒಂದು ಅವಧಿ ಪೂರ್ತಿ ಹಿಂದೆ ಕುಳಿತು ನೋಡಿದರು. ಮರುದಿನ ಅವರ ಸಮಾಜ ವಿಜ್ಞಾನದ ತರಗತಿಯಲ್ಲಿ ಬೆಂಚುಗಳು ಎದುರುಬದುರಾಗಿದ್ದವು. ಈ ವರ್ಷ ಈ ‘ಹೌದು’ ಪದ್ಧತಿಯನ್ನು ಎಂಟನೆಯ ತರಗತಿಗೂ ತಂದಿದ್ದೇನೆ. ಬಿಸಿಯೂಟದ ನಂತರದ ಅವಧಿಯಲ್ಲಿ ಇನ್ನೂ ಹಿಡಿತಕ್ಕೆ ಬಂದಿಲ್ಲ, ಬೆಳಗಿನ ಅವಧಿಗೆ ಬದಲಾಯಿಸಿಕೊಡಿ ಎಂದು ಕೇಳಿದ್ದೇನೆ.