ಕ್ಯಾಟ್ಲೆಟ್ ಮೇಡಂ ಹತ್ರ ಲಿನೋಕಟ್ ಕಲಿಯೋಣ

ಲಿನೋಕಟ್ ಅಂದರೆ ಲಿನೋಲಿಯಂ (ಲಿನೋ) ಹಾಳೆಯಲ್ಲಿ ಚಿತ್ರ ಕೊರೆದು, ಶಾಯಿ ಹಚ್ಚಿ, ಕಾಗದದ ಮೇಲೆ ಅಚ್ಚು ತೆಗೆಯೋದು. ಅದನ್ನು ಕಲಿಯೋಕೆ ಹೊರಟರೆ ಎಲ್ಲರೂ ಎಲೆ, ಹೂವು, ಬೆಕ್ಕು ಕೊರೆಯಲು ಹೇಳುತ್ತಾರೆ. ನಾನು ಮುಖ ಕೊರೆಯಿರಿ ಅನ್ನುತ್ತೇನೆ. ಅದಕ್ಕೆ ಎಲಿಜಬೆತ್ ಕ್ಯಾಟ್ಲೆಟ್‌ಗಿಂತ ಒಳ್ಳೆ ಗುರು ಬೇಡ.

ಇವರು 1915ರಲ್ಲಿ ವಾಷಿಂಗ್ಟನ್‌ನಲ್ಲಿ ಹುಟ್ಟಿದ ಆಫ್ರಿಕನ್ ಅಮೆರಿಕನ್ ಕಲಾವಿದೆ. ಕಪ್ಪು ಹುಡುಗಿ ಅಂತ ಕಾರ್ನೆಗಿ ಸಂಸ್ಥೆ ಸೀಟು ಕೊಡಲಿಲ್ಲ. ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದರು, 1940ರಲ್ಲಿ ಅಯೋವಾ ವಿಶ್ವವಿದ್ಯಾಲಯದಲ್ಲಿ ಎಂಎಫ್ಎ (ಕಲೆಯಲ್ಲಿ ಸ್ನಾತಕೋತ್ತರ ಪದವಿ) ಮಾಡಿದರು. ಅಲ್ಲಿ ಮೇಷ್ಟ್ರಾಗಿದ್ದ ಚಿತ್ರಕಾರ ಗ್ರಾಂಟ್ ವುಡ್, ನಿಮಗೆ ಚೆನ್ನಾಗಿ ಗೊತ್ತಿರೋದನ್ನೇ ಮಾಡಿ ಅಂದರಂತೆ. ಆಮೇಲೆ ನ್ಯೂ ಆರ್ಲಿಯನ್ಸ್‌ನ ಡಿಲಾರ್ಡ್ ವಿಶ್ವವಿದ್ಯಾಲಯದಲ್ಲಿ ಕಲಾ ವಿಭಾಗದ ಮುಖ್ಯಸ್ಥೆ. ಆ ಊರಿನ ಮ್ಯೂಸಿಯಂ ಇದ್ದ ಪಾರ್ಕಿಗೆ ಕಪ್ಪು ಜನ ಕಾಲಿಡುವಂತಿರಲಿಲ್ಲ. ಮೇಡಂ ಏನು ಮಾಡಿದರು ಗೊತ್ತಾ? ಮ್ಯೂಸಿಯಂಗೆ ರಜೆ ಇದ್ದ ದಿನ ನೋಡಿ, ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ನೇರ ಬಾಗಿಲಿಗೇ ಇಳಿಸಿ, ಪಿಕಾಸೊ ಚಿತ್ರಗಳನ್ನು ತೋರಿಸಿಕೊಂಡು ಬಂದರು.

1946ರಲ್ಲಿ ಮೆಕ್ಸಿಕೊಗೆ ಹೋಗಿ ಅಲ್ಲಿನ ಜನಪರ ಮುದ್ರಣ ಕಾರ್ಯಾಗಾರವೊಂದನ್ನು ಸೇರಿದರು. ಲಿನೋ ಅಗ್ಗ, ಒಂದು ಹಲಗೆಯಿಂದ ಬೇಕಾದಷ್ಟು ಪ್ರತಿ ತೆಗೆಯಬಹುದು, ಕೈಯಲ್ಲಿ ದುಡ್ಡಿಲ್ಲದವರ ಗೋಡೆಗೂ ಚಿತ್ರ ಹೋಗುತ್ತದೆ. ಅವರಿಗೆ ಬೇಕಾಗಿದ್ದೂ ಅದೇ.

ಸರಿ, ನಿಮ್ಮ ಕೆಲಸ ಈಗ. ಗೊತ್ತಿರೋ ಮುಖ ಹುಡುಕಿ. ಮನೆಯಲ್ಲಿ ಬೀಡಿ ಕಟ್ಟುವ ಅಜ್ಜಿ ಇರಬಹುದು, ಮೀನು ದಕ್ಕೆಯಲ್ಲಿ ನೀವು ಯಾವಾಗಲೂ ಬಂಗುಡೆ ತಗೊಳ್ಳುವ ಅಕ್ಕ ಇರಬಹುದು. ಕೇಳಿಯೇ ಫೋಟೋ ತೆಗೆಯಿರಿ, ಕದ್ದು ತೆಗೆಯೋದು ಬೇಡ. ಬೆಳಗಿನ ಬಿಸಿಲು ಒಂದು ಪಕ್ಕದಿಂದ ಬೀಳುತ್ತಿರಲಿ, ನೆರಳು ಸ್ಪಷ್ಟವಾಗಿ ಕಾಣುತ್ತದೆ.

ಟ್ರೇಸಿಂಗ್ ಪೇಪರಿನಲ್ಲಿ ಬರೆದು, ಅದನ್ನು ಮಗುಚಿ, ಕಾರ್ಬನ್ ಇಟ್ಟು ಲಿನೋ ಮೇಲೆ ಇಳಿಸಿ. ಅಚ್ಚಿನಲ್ಲಿ ಎಲ್ಲವೂ ಎಡಬಲ ತಿರುಗುತ್ತದೆ, ಹೆಸರು ಬರೆಯುವುದಿದ್ದರೆ ಇನ್ನೂ ಜಾಗ್ರತೆ. ಲಿನೋವನ್ನು ಸ್ವಲ್ಪ ಹೊತ್ತು ಬಿಸಿಲಲ್ಲಿಡಿ, ಮೆತ್ತಗಾಗಿ ಉಳಿ ಸಲೀಸಾಗಿ ಓಡುತ್ತದೆ.

ಕೊರೆಯುವ ಮುಂಚೆ ಕ್ಯಾಟ್ಲೆಟ್ ಅವರ 1952ರ 'ಶೇರ್‌ಕ್ರಾಪರ್' ಚಿತ್ರವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿ. ಗೇಣಿಗೆ ದುಡಿಯುವ ಹೆಂಗಸು, ಅಗಲ ಹುಲ್ಲಿನ ಟೋಪಿ, ನಮ್ಮ ಕಡೆ ಗದ್ದೆಗೆ ಹೋಗುವಾಗ ಹಾಕುತ್ತಿದ್ದ ಮುಟ್ಟಾಳೆ ನೆನಪಾಗುತ್ತದೆ ಅಲ್ವಾ? ಅಂಗಿಗೆ ಗುಂಡಿ ಇಲ್ಲ, ಸೇಫ್ಟಿ ಪಿನ್ ಇದೆ. ಬಡತನ ತೋರಿಸೋಕೆ ಆ ಪಿನ್ ಸಾಕು, ಕಣ್ಣೀರು ಬೇಕಿಲ್ಲ. ಮುಖದ ಗೆರೆಗಳನ್ನು ನೋಡಿ: ಕೆನ್ನೆ ತಿರುಗುವ ಕಡೆಗೇ ತಿರುಗುತ್ತವೆ. ಟೋಪಿಯ ಗೆರೆಗಳದ್ದೇ ಬೇರೆ ದಾರಿ. ಕಲಿಯಬೇಕಾದ್ದು ಇದನ್ನೇ. ಸುಮ್ನೆ ಅಡ್ಡಾದಿಡ್ಡಿ ಗೀಚಿದರೆ ಮುಖ ಚಪ್ಪಟೆಯಾಗುತ್ತದೆ.

ಕೊರೆದ ಜಾಗ ಬಿಳಿ, ಬಿಟ್ಟ ಜಾಗ ಕಪ್ಪು. ಮೂಗಿನ ದಂಡೆ, ಹಣೆ, ಬೆಳಕು ಬಿದ್ದ ಕೆನ್ನೆಯಿಂದ ಶುರು ಮಾಡಿ, 'ವಿ' ಆಕಾರದ ಸಣ್ಣ ಉಳಿಯಲ್ಲಿ. ಕಣ್ಣು ಕೊನೆಗೆ, ತೀರಾ ಕಡಿಮೆ ಕೊರೆಯಿರಿ. ಒಮ್ಮೆ ತೆಗೆದದ್ದು ವಾಪಸ್ ಬರೋದಿಲ್ಲ. ಲಿನೋ ಹಿಡಿದ ಕೈ ಯಾವಾಗಲೂ ಉಳಿಯ ಹಿಂದೆಯೇ ಇರಲಿ. ಬಾಗಿದ ಗೆರೆಗೆ ಕೈ ತಿರುಗಿಸಬೇಡಿ, ಲಿನೋವನ್ನೇ ತಿರುಗಿಸಿ.

ಗಾಜಿನ ಮೇಲೆ ಶಾಯಿ ಹಾಕಿ ರೋಲರಿನಿಂದ ತೆಳ್ಳಗೆ ಹರಡಿ, ಆಮೇಲೆ ಲಿನೋಗೆ ಹಚ್ಚಿ. ಜಾಸ್ತಿ ಹಚ್ಚಿದರೆ ಸಣ್ಣ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಮೇಲೆ ಕಾಗದ ಇಟ್ಟು, ಪ್ರೆಸ್ ಇಲ್ಲದಿದ್ದರೆ ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜಿ, ಒಂದು ಮೂಲೆ ಎತ್ತಿ ನೋಡಿ, ಮಸುಕಾಗಿದ್ದರೆ ಮತ್ತೆ ಉಜ್ಜಿ. ಎಣ್ಣೆ ಶಾಯಿಯಾದರೆ ನಮ್ಮ ಮಳೆಗಾಲದಲ್ಲಿ ಬೇಗ ಒಣಗೋದಿಲ್ಲ, ಒಂದರ ಮೇಲೊಂದು ಪೇರಿಸದೆ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿ.

ಮೊದಲ ಪ್ರತಿ ಹಾಳಾದರೆ ಬೇಜಾರು ಬೇಡ. ಕ್ಯಾಟ್ಲೆಟ್ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಶಿಲ್ಪಕಲೆ ಕಲಿಸುತ್ತ, 1962ರಲ್ಲಿ ಅಲ್ಲಿನ ಪೌರತ್ವ ಪಡೆದು, ಅಮೆರಿಕ ಒಳಗೆ ಬಿಡದೆ ವರ್ಷಗಟ್ಟಲೆ ಸತಾಯಿಸಿದರೂ ಕೊರೆಯೋದು ಬಿಡಲಿಲ್ಲ. ತೀರಿಕೊಂಡದ್ದು 2012ರಲ್ಲಿ.

ಒಂದು ಪ್ರತಿಯನ್ನು ಫೋಟೋ ಕೊಟ್ಟ ಅಕ್ಕನಿಗೆ ಕೊಡಿ. ಲಿನೋ ಮೇಲಿನ ಎಣ್ಣೆ ಶಾಯಿಯನ್ನು ತೆಂಗಿನೆಣ್ಣೆಯಲ್ಲಿ ಒರೆಸಿ, ನಂತರ ಸೋಪು ಹಚ್ಚಿದ ಬಟ್ಟೆಯಲ್ಲೂ ಒರೆಸಿಬಿಡಿ, ಎಣ್ಣೆ ಉಳಿದರೆ ಮುಂದಿನ ಸಲ ಶಾಯಿ ಹಿಡಿಯೋದಿಲ್ಲ.