ತೊಡೆಗೆ ರಾಡ್ ಹಾಕಿದ ಮೇಲೆ ಪಾದ ಎತ್ತ ನೋಡುತ್ತದೆ?

ಮಂಡ್ಯದಲ್ಲಿ ಕಬ್ಬು ಕಟಾವು ಶುರುವಾಯಿತೆಂದರೆ ಮೂಳೆ ವೈದ್ಯರಾದ ನಮಗೂ ಬಿಡುವಿರುವುದಿಲ್ಲ. ರಾತ್ರಿ ಹಿಂದೀಪವಿಲ್ಲದೆ ನಿಂತ ಕಬ್ಬಿನ ಟ್ರ್ಯಾಕ್ಟರಿಗೆ ಬೈಕು ಹೋಗಿ ಬಡಿಯುತ್ತದೆ. ತಾಗುವುದು ಮಂಡಿ, ಮುರಿಯುವುದು ತೊಡೆ. ಮದ್ದೂರು ಕಡೆಯ ಇಪ್ಪತ್ತನಾಲ್ಕರ ಹುಡುಗನೊಬ್ಬ ಹಾಗೆಯೇ ಬಂದ. ತೊಡೆಮೂಳೆಯ ನಡುಭಾಗ ನಾಲ್ಕೈದು ಚೂರಾಗಿತ್ತು. ಚರ್ಮ ಹರಿದಿರಲಿಲ್ಲ, ಆದರೂ ಇಂಥ ಮುರಿತದಲ್ಲಿ ಒಂದು ಲೀಟರಿಗೂ ಮಿಕ್ಕಿ ರಕ್ತ ತೊಡೆಯೊಳಗೇ ಸೋರಿ ನಿಲ್ಲಬಲ್ಲದು. ಕಾಲನ್ನು ಎಳೆದು ಅಲುಗದಂತೆ ಹಿಡಿಯುವ ಥಾಮಸ್ ಸ್ಪ್ಲಿಂಟ್ ಕಟ್ಟಿ, ರಕ್ತಕ್ಕೆ ಹೇಳಿ ಕಳುಹಿಸಿ, ಸೊಂಟದ ಕೀಲಿನ ಎಕ್ಸ್-ರೇಯನ್ನೂ ತೆಗೆಸಿದೆ. ನಡುವಿನ ದೊಡ್ಡ ಮುರಿತದತ್ತಲೇ ಕಣ್ಣು ಹೋಗುವುದರಿಂದ ಸೊಂಟದ ಕೀಲಿನ ಬಳಿ ತೊಡೆಮೂಳೆಯ ಕುತ್ತಿಗೆಯಲ್ಲಿನ ಸಣ್ಣ ಬಿರುಕು ತಪ್ಪಿಹೋಗುವುದುಂಟು. ಅವನಿಗೆ ಅದಿರಲಿಲ್ಲ.

“ನಾಟಿ ಕಟ್ಟು ಕಟ್ಟಿಸಿದರೆ ಆಗುವುದಿಲ್ಲವೇ ಸ್ವಾಮಿ?” ಎಂದು ತಾಯಿ ಕೇಳಿದರು. “ತೊಡೆಯ ಸ್ನಾಯುಗಳಿಗೆ ಬಲ ಹೆಚ್ಚು ಅಮ್ಮ, ತುಂಡುಗಳನ್ನು ಒಂದರ ಮೇಲೊಂದು ಎಳೆದುಬಿಡುತ್ತವೆ. ಹೊರಗಿನ ಕಟ್ಟು ಅದನ್ನು ತಡೆಯಲಾರದು” ಎಂದೆ. ಒಪ್ಪಿದರು.

ಮೂಳೆಯ ಟೊಳ್ಳಿಗೆ ಲೋಹದ ಮೊಳೆ ತೂರಿಸುವ ಈ ವಿಧಾನವನ್ನು 1939ರಲ್ಲಿ ಜರ್ಮನಿಯ ಗೆರ್ಹಾರ್ಡ್ ಕುಂಟ್ಷರ್ ಮಾಡಿ ತೋರಿಸಿದರು. ನಮ್ಮ ಕಡೆ ಇದಕ್ಕೆ ‘ರಾಡ್ ಹಾಕುವುದು’ ಎನ್ನುತ್ತಾರೆ. ಮಾರನೆಯ ದಿನ ಟ್ರ್ಯಾಕ್ಷನ್ ಟೇಬಲ್ ಮೇಲೆ ಕಾಲನ್ನು ಎಳೆದು ಉದ್ದ ಸರಿಮಾಡಿಕೊಂಡೆ. ಸೊಂಟದ ಬದಿಯ ಸಣ್ಣ ಗಾಯದಿಂದ ಗೈಡ್ ವೈರ್ ಇಳಿಸಿ, ಟೊಳ್ಳನ್ನು ಕೊರೆದು ಅಗಲಿಸುವ ರೀಮರನ್ನು ಅರ್ಧರ್ಧ ಮಿಲಿಮೀಟರ್ ಹೆಚ್ಚಿಸುತ್ತ ಓಡಿಸಿ, 11.5ಕ್ಕೆ ನಿಲ್ಲಿಸಿ 10 ಮಿಲಿಮೀಟರಿನ ಮೊಳೆ ಕೂರಿಸಿದೆ. ಮೇಲೆ ಎರಡು, ಕೆಳಗೆ ಎರಡು ಸ್ಕ್ರೂ. ಎಕ್ಸ್-ರೇ ಗೆರೆ ಎಳೆದಂತೆ ನೇರವಾಗಿತ್ತು. ಬೀಗಿದೆ.

ಮೂರನೆಯ ದಿನ ತಾಯಿ ಎಂದರು: “ಇವನ ಪಾದ ಗೋಡೆ ಕಡೆ ನೋಡುತ್ತಿದೆಯಲ್ಲ ಸ್ವಾಮಿ.” ನೋವಿಗೆ ಹಾಗಿಟ್ಟುಕೊಂಡಿದ್ದಾನೆ ಎಂದು ಸಮಜಾಯಿಷಿ ಕೊಟ್ಟು ಪಕ್ಕದ ಹಾಸಿಗೆಗೆ ಹೋದೆ. ಸಂಜೆಯಾದರೂ ಆ ಮಾತು ಮನಸ್ಸಿನಿಂದ ಇಳಿಯಲಿಲ್ಲ. ಹಿಂತಿರುಗಿ ಬಂದು ಎರಡೂ ಕಾಲುಗಳನ್ನು ತಿರುಗಿಸಿ ನೋಡಿದೆ. ಮುರಿದ ಕಾಲು ಹೊರಕ್ಕೆ ಧಾರಾಳವಾಗಿ ತಿರುಗುತ್ತಿತ್ತು, ಒಳಕ್ಕೆ ಬರುತ್ತಲೇ ಇರಲಿಲ್ಲ. ಸಿ.ಟಿ. ಸ್ಕ್ಯಾನಿನಲ್ಲಿ ಎರಡು ತೊಡೆಮೂಳೆಗಳ ತಿರುವಿನಲ್ಲಿ 25 ಡಿಗ್ರಿ ವ್ಯತ್ಯಾಸ. 15 ದಾಟಿದರೆ ಸುಮ್ಮನಿರುವಂತಿಲ್ಲ.

ಎರಡೇ ತುಂಡಾದ ಮೂಳೆಯಲ್ಲಿ ಹಲ್ಲಿಗೆ ಹಲ್ಲು ಕೂಡುತ್ತದೆ, ತಿರುಚಿದ್ದರೆ ಗೊತ್ತಾಗುತ್ತದೆ. ಚೂರುಚೂರಾದಾಗ ಆ ಗುರುತೇ ಇರುವುದಿಲ್ಲ. ಉದ್ದ, ನೇರ ಎರಡೂ ಸರಿಯಿದ್ದು ತಿರುವು ಮಾತ್ರ ಕೆಟ್ಟಿರಬಹುದು. ತಪ್ಪು ನನ್ನದೆಂದು ತಾಯಿ ಮಗನಿಗೆ ಹೇಳಿದೆ. ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಆರನೆಯ ದಿನ ಕೆಳಗಿನ ಎರಡು ಸ್ಕ್ರೂ ಬಿಚ್ಚಿ, ಕಾಲನ್ನು ಒಳಕ್ಕೆ ತಿರುಗಿಸಿ, ಅದೇ ಮೊಳೆಗೆ ಮತ್ತೆ ಬಿಗಿದೆ. ಮೂಳೆ ಕೂಡಿಕೊಂಡ ಮೇಲೆ ಗೊತ್ತಾಗಿದ್ದರೆ ಕತ್ತರಿಸಿಯೇ ತಿರುಗಿಸಬೇಕಿತ್ತು.

ಈಗ ಮುರಿದ ಕಾಲಿಗೆ ಕೈಹಚ್ಚುವ ಮೊದಲು ಚೆನ್ನಾಗಿರುವ ಕಾಲನ್ನು ಸಿ-ಆರ್ಮ್ ಎಂಬ, ಟೇಬಲ್ ಮೇಲೆಯೇ ಎಕ್ಸ್-ರೇ ತೋರಿಸುವ ಯಂತ್ರದ ಕೆಳಗೆ ತರುತ್ತೇನೆ. ಮಂಡಿಚಿಪ್ಪು ನೇರ ಮೇಲಕ್ಕೆ ನೋಡುವಂತೆ ಹಿಡಿದು, ಸೊಂಟದ ಕೀಲಿನ ಕೆಳಗೆ ಒಳಬದಿಗೆ ಉಬ್ಬಿರುವ ಲೆಸರ್ ಟ್ರೊಕ್ಯಾಂಟರಿನ ಚಿತ್ರ ತೆಗೆದು ಪರದೆಯಲ್ಲಿ ಉಳಿಸಿಕೊಳ್ಳುತ್ತೇನೆ. ಮೊಳೆ ಕೂತ ಮೇಲೆ ಮುರಿದ ಕಾಲಿನ ಮಂಡಿಚಿಪ್ಪನ್ನೂ ಹಾಗೆಯೇ ಇಟ್ಟಾಗ ಆ ಉಬ್ಬು ಅಷ್ಟೇ ದೊಡ್ಡದಾಗಿ ಕಾಣಬೇಕು. ಚಿಕ್ಕದಾಗಿ ಕಂಡರೆ ಕೆಳತುಂಡು ಹೊರಕ್ಕೆ ತಿರುಗಿದೆ, ದೊಡ್ಡದಾಗಿ ಕಂಡರೆ ಒಳಕ್ಕೆ. ಹೊಂದಿದ ಮೇಲಷ್ಟೇ ಕೆಳಗಿನ ಸ್ಕ್ರೂ.

ಎರಡೂ ತೊಡೆ ಮುರಿದು ಬಂದವರಲ್ಲಿ ಹೋಲಿಸಲು ಚೆನ್ನಾಗಿರುವ ಕಾಲೇ ಇರುವುದಿಲ್ಲ. ಆಗ ಸರಳ ಮುರಿತದ ಕಾಲನ್ನು ಮೊದಲು ಹಲ್ಲಿಗೆ ಹಲ್ಲು ಕೂಡಿಸಿ ಬಿಗಿಯುತ್ತೇನೆ, ಚೂರಾದ ಕಾಲಿಗೆ ಅದನ್ನೇ ಅಳತೆ ಮಾಡಿಕೊಳ್ಳುತ್ತೇನೆ.