ಪೆನಾಂಗ್‌ನ ಚೀನೀ ನೆಂಟರ ಮನೆಗೆ ಹೋಗುವ ಮುನ್ನ

ಮಲೇಷ್ಯಾದ ಪೆನಾಂಗ್‌ನಲ್ಲಿ ನೆಲೆಸಿದ ಚೀನೀ ನೆಂಟರ ಮನೆಗೆ ಅವರ ಹೊಸ ವರ್ಷಕ್ಕೆ ಹೋಗುತ್ತಿದ್ದೀರಾ? ಬರಿಗೈಲಿ ಹೋಗಬೇಡಿ. ಕಿತ್ತಳೆ ಒಯ್ಯಿರಿ, ಒಂದಲ್ಲ, ಜೋಡಿಯೇ ಬೇಕು. ಎರಡೂ ಕೈಯಲ್ಲಿ ಹಿಡಿದು ಮನೆಯ ಹಿರಿಯರಿಗೆ ಕೊಡಿ. ಹೊರಡುವಾಗ ಅವರೂ ಎರಡು ಹಣ್ಣು ಕೈಗಿಡುತ್ತಾರೆ, ನಮ್ಮದನ್ನೇ ವಾಪಸ್ ಕೊಟ್ಟುಬಿಟ್ಟರಲ್ಲ ಅಂತ ಸುಮ್ನೆ ಬೇಜಾರಾಗಬೇಡಿ, ಅದು ಅವರ ಪ್ರೀತಿ. ಚಪ್ಪಲಿ ಬಾಗಿಲಲ್ಲೇ ಬಿಡಿ. ಮದುವೆಯಾದವರು ಮಕ್ಕಳಿಗೆ ಕೆಂಪು ಲಕೋಟೆಯಲ್ಲಿ ರಿಂಗಿಟ್ (ಮಲೇಷ್ಯಾದ ಹಣ) ಇಟ್ಟು ಕೊಡಬೇಕು. 4 ಇರುವ ಮೊತ್ತ ಮಾತ್ರ ಬೇಡ, ಚೀನೀ ಭಾಷೆಯಲ್ಲಿ ಆ ಅಂಕಿಯ ಉಚ್ಚಾರ ಸಾವು ಅನ್ನೋ ಪದಕ್ಕೆ ಹತ್ತಿರ.

ಊಟಕ್ಕೆ ಕೂತಾಗ ಕಿರಿಯರು ಹಿರಿಯರನ್ನು ಒಬ್ಬೊಬ್ಬರಾಗಿ ಕರೆದು, ಆಮೇಲೇ ತಿನ್ನಲು ಶುರು ಮಾಡುತ್ತಾರೆ. ನೀವೂ 'ಆ ಮಾ' ಅಂತ ಕರೆದು ನೋಡಿ, ಅಜ್ಜಿಯ ಮುಖ ಅರಳುತ್ತದೆ! ಅನ್ನದಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಿಡಬೇಡಿ, ಸತ್ತವರಿಗೆ ಊದುಬತ್ತಿ ಹಚ್ಚಿಟ್ಟ ಹಾಗೆ ಕಾಣುತ್ತದೆ.